ಹೊಸಹಳ್ಳಿಗೆ ಬಂದ ಕಡಲೇಡಿ

ಏಡಿ ಬಂದದ್ದು ಗೋಕರ್ಣದಿಂದ, ಟೆಂಪೋ ಟ್ರಾವೆಲರ್‌ನಲ್ಲಿ. ಇಳಿದದ್ದು ಹೊಸಹಳ್ಳಿಯ ಚಿಕ್ಕಗಂಗಮ್ಮನ ಮನೆಯ ಅಂಗಳದಲ್ಲಿ. ಸುದ್ದಿ ಕೇಳಿ ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ರುದ್ರಮುನಿಯವರು ಮೂಗು ಮುರಿದರು. ಅವರು ಮೂಗು ಮುರಿಯದ ವಸ್ತು ಈ ಭೂಮಿಯ ಮೇಲೆ ಕಡಿಮೆ, ಬಿಡಿ. ಮೂವತ್ತೈದು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಆರ್‌ಪಿಸಿ ಲೇಔಟಿನ ಪಾರ್ಕಿನಲ್ಲಿ ಬೆಳಿಗ್ಗೆ ಕೈ ಬೀಸಿಕೊಂಡು ನಡೆಯುವವರು ಅವರ ಕಣ್ಣಿಗೆ ಅವಿವೇಕಿಗಳು, ಮೆಟ್ರೋದಲ್ಲಿ ಮೊಬೈಲ್ ನೋಡುವವರು ಅಡ್ನಾಡಿಗಳು, ತಮ್ಮ ಹಳೆಯ ಸಹೋದ್ಯೋಗಿಗಳು ಗೈಡು ನೋಡಿ ಪಾಠ ಮಾಡಿದ ಕಳ್ಳರು. ಹೆಂಡತಿ ಕಲ್ಯಾಣಮ್ಮನವರನ್ನು ಯಾವ ಗುಂಪಿಗೆ ಸೇರಿಸಿದ್ದರೋ, ಆಕೆ ಕೇಳಿರಲಿಲ್ಲ.

ಮನೆ ಒಡತಿಯನ್ನು ಮಾತ್ರ ಅವರು ಪ್ರತ್ಯೇಕವಾಗಿ, ಬಹಳ ಅಚ್ಚುಕಟ್ಟಾಗಿ ತಿರಸ್ಕರಿಸುತ್ತಿದ್ದರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಇದೇ ಜಾಗದಲ್ಲಿ ಗದ್ದೆಯಿದ್ದಾಗ ಬದುವಿನ ಬಿಲಕ್ಕೆ ಕೈ ಹಾಕಿ ಏಡಿ ಹಿಡಿದು, ಬೆನ್ನು ಬಿಡಿಸಿ, ಖಾರ ಅರೆದು ಸಾರು ಮಾಡುತ್ತಿದ್ದವಳು. ಗದ್ದೆ ಹೋಗಿ ಲೇಔಟು ಬಂತು, ಲೇಔಟಿನ ಮೇಲೆ ಮೂರಂತಸ್ತು ಎದ್ದಿತು, ಮಗ ಮೋಹನ್ ಕುಮಾರ್ ಗಾಡಿ ಇಟ್ಟು ಟ್ರಾವೆಲ್ಸ್ ನಡೆಸಿದ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ ಎಂದು ರುದ್ರಮುನಿಯವರು ಮಹಡಿಯ ಬಾಲ್ಕನಿಯಲ್ಲಿ ನಿಂತು ಹೆಂಡತಿಗೆ ಹೇಳುತ್ತಿದ್ದರು. ಕಲ್ಯಾಣಮ್ಮನವರು, ಮೆಲ್ಲಗೆ ಮಾತಾಡಿ, ಅವರ ಮನೇಲೇ ಇದೀವಿ, ಎನ್ನುತ್ತಿದ್ದರು.

ಆದದ್ದು ಇಷ್ಟು. ಚಿಕ್ಕಗಂಗಮ್ಮ ಮಗನ ಗಾಡಿಯಲ್ಲಿ ಗೋಕರ್ಣಕ್ಕೆ ಹೋಗಿದ್ದಳು. ಮಂಡಿನೋವಿಗೆ ಸಮುದ್ರದ ನೀರು ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ, ಗಾಡಿಯಲ್ಲಿದ್ದ ಎರಡು ಖಾಲಿ ನೀರಿನ ಕ್ಯಾನುಗಳಿಗೆ ಕಡಲ ನೀರು ತುಂಬಿಸಿಕೊಂಡಳು. ತುಳಸಿಕಟ್ಟೆಯ ಸುತ್ತ ಇಡಲು ನಾಲ್ಕು ಕಲ್ಲುಗಳನ್ನೂ ಒದ್ದೆ ಚೀಲದಲ್ಲಿ ಹಾಕಿಕೊಂಡಳು. ಮನೆಗೆ ಬಂದು ಚೀಲ ಕೊಡವಿದರೆ ಒಂದು ಕಲ್ಲಿನ ತಗ್ಗಿನಿಂದ ರೂಪಾಯಿ ಅಗಲದ ಏಡಿ ಅಡ್ಡಡ್ಡ ಓಡಿತು. ಕಲ್ಲಿನದೇ ಬಣ್ಣ, ಹಸಿರೋ ಕಂದೋ ಹೇಳಲಾಗದು. ಚೌಕಾಕಾರದ ಬೆನ್ನು, ಮುಂದೆ ಎರಡು ಪುಟ್ಟ ಕೊಂಡಿ, ಕಡ್ಡಿಯ ತುದಿಗೆ ಸಾಸಿವೆ ಅಂಟಿಸಿದ ಹಾಗೆ ಎರಡು ಕಣ್ಣು.

ಮೋಹನ್ ಕುಮಾರ್ ನಕ್ಕು, ಒಂದು ತುತ್ತಿಗೂ ಆಗಲ್ಲ ಕಣಮ್ಮ, ಎಸೆದ್ಬಿಡು ಅಂದ. ಚಿಕ್ಕಗಂಗಮ್ಮನಿಗೆ ನಗು ಬರಲಿಲ್ಲ. ಅಗಲದ ಪ್ಲಾಸ್ಟಿಕ್ ಟಬ್ಬಿಗೆ ಕಡಲ ನೀರು ಹಾಕಿ, ಕಲ್ಲು ಜೋಡಿಸಿ ಏಡಿಯನ್ನು ಬಿಟ್ಟಳು. ಮೂರು ವಾರಕ್ಕೆ ಮಗನಿಗೆ ಮತ್ತೆ ಗೋಕರ್ಣದ ಬುಕಿಂಗ್ ಇತ್ತು. ಆ ಶನಿವಾರ ತನಗೊಂದು ಸೀಟು ಇಡಬೇಕು, ಏಡಿಯನ್ನು ತಂದ ಕಡೆಗೇ ಬಿಟ್ಟು ಬರುತ್ತೇನೆ ಎಂದು ಹೇಳಿಬಿಟ್ಟಳು. ಇಷ್ಟು ವರ್ಷ ತಿಂದ ಏಡಿಗಳಿಗೆ ಇಲ್ಲದ ಮರ್ಯಾದೆ ಇದಕ್ಕೆ ಏಕೋ ಎಂದು ರುದ್ರಮುನಿಯವರು ಮಹಡಿ ಮೆಟ್ಟಿಲಿನಿಂದ ಕುಟುಕಿದರು.

"ಹೊಟ್ಟೆಗೆ ಅಂತ ಕೊಂದಿದ್ದು ಬೇರೆ ಸಾರ್," ಅಂದಳು ಚಿಕ್ಕಗಂಗಮ್ಮ. "ಇದು ಸುಮ್ನೆ ಅದರ ಪಾಡಿಗೆ ಇತ್ತು. ನಾನು ಎತ್ಕೊಂಡು ಬಂದು ಸಾಯಿಸಿದೆ ಅಂತಾಗ್ಬಾರ್ದು."

ಭಾವುಕತೆ. ಅವಿದ್ಯಾವಂತರ ದೊಡ್ಡ ಕಾಯಿಲೆ. ಒಂದು ವಾರ ಬದುಕಿದರೆ ಹೆಚ್ಚು ಎಂದು ರುದ್ರಮುನಿಯವರು ಅಲ್ಲೇ ತೀರ್ಪು ಕೊಟ್ಟರು. ಉಪ್ಪಿನಂಶ ಅಳೆಯಲು ಮಾಪಕವಿಲ್ಲ, ಗಾಳಿಯ ಪಂಪಿಲ್ಲ, ಉಷ್ಣತೆಯ ಲೆಕ್ಕವಿಲ್ಲ. ಏಡಿ ಮೀನಿನ ಹಾಗೆ ಕಿವಿರಿನಲ್ಲಿ ಉಸಿರಾಡುವ ಪ್ರಾಣಿ, ಪೂರ್ತಿ ಮುಳುಗುವಷ್ಟು ನೀರು ಬೇಕು ಎಂದು ಪಾಠ ಹೇಳಿದರು. ಚಿಕ್ಕಗಂಗಮ್ಮ ಹೂಂ ಸಾರ್ ಎಂದು ತಲೆಯಾಡಿಸಿದಳು. ಮಾರನೆಯ ದಿನ ನೋಡಿದರೆ ಟಬ್ಬಿನ ಒಂದು ಬದಿಗೆ ಇಟ್ಟಿಗೆ ಕೊಟ್ಟು ಓರೆ ಮಾಡಿದ್ದಳು. ಅರ್ಧ ನೀರು, ಅರ್ಧ ಬರೀ ಒದ್ದೆ ಕಲ್ಲು. ಏಡಿ ನೀರು ಬಿಟ್ಟು ಕಲ್ಲಿನ ಮೇಲೆ ಕೂತು ಬಾಯಿಯ ಹತ್ತಿರ ನೊರೆ ಮಾಡಿಕೊಳ್ಳುತ್ತ ಆರಾಮಾಗಿತ್ತು. ಅದೇ ಮೇಲಕ್ಕೆ ಬರ್ತದೆ ಸಾರ್, ಅದಕ್ಕೆ ಎರಡೂ ಬೇಕು, ಎಂದಳು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ರುದ್ರಮುನಿಯವರು ಆಗ ಒಂದು ಪುಸ್ತಕ ಬರೆಯುತ್ತಿದ್ದರು. ಕಡಲಂಚಿನ ಜೀವಿಗಳ ಬಗ್ಗೆ, ಹೈಸ್ಕೂಲು ಮಕ್ಕಳಿಗಾಗಿ, ಒಬ್ಬ ಪ್ರಕಾಶಕರು ಕೇಳಿದ್ದು. ದಾವಣಗೆರೆ ಕಡೆಯ ಈ ಮನುಷ್ಯ ಕಡಲಂಚಿಗೆ ಹೋದದ್ದು ಜೀವನದಲ್ಲಿ ಒಂದೇ ಸಲ, ಕಾರವಾರಕ್ಕೆ, ಮೂರು ದಿನ. ಅದರಲ್ಲಿ ಎರಡು ದಿನ ಹೊಟ್ಟೆ ಕೆಟ್ಟು ಲಾಡ್ಜಿನಲ್ಲಿ ಮಲಗಿದ್ದರು. ದಡದ ಏಡಿಯ ಅಧ್ಯಾಯ ಅರ್ಧಕ್ಕೆ ನಿಂತಿತ್ತು. ಹಾಗಾಗಿ ದಿನಕ್ಕೆ ಮೂರು ಸಲ ಏನೋ ನೆಪ ಮಾಡಿ ಕೆಳಗಿಳಿದು, ಟಬ್ಬಿನ ಹತ್ತಿರ ಕೈಕಟ್ಟಿ ನಿಂತು, ನೋಡಿದ್ದನ್ನು ಮೇಲೆ ಹೋಗಿ ಬರೆದುಕೊಳ್ಳುತ್ತಿದ್ದರು. ಕೇಳಿ ತಿಳಿಯುವುದು ಮಾತ್ರ ಅವರ ಜಾಯಮಾನಕ್ಕೆ ಬಂದದ್ದಲ್ಲ.

ಕೇಳದಿದ್ದರೂ ಚಿಕ್ಕಗಂಗಮ್ಮ ಹೇಳುತ್ತಿದ್ದಳು. ಕಲ್ಲಿನ ಪಾಚಿಯನ್ನು ಏಡಿ ಒಂದು ಕೊಂಡಿಯಲ್ಲಿ ಕೆರೆದು ಇನ್ನೊಂದರಲ್ಲಿ ತಿನ್ನುತ್ತದೆ, ಅನ್ನ ತಿನ್ನುವವರ ಹಾಗೆ. ಒಣ ಸೀಗಡಿಯ ಚೂರು ಕೊಟ್ಟರೆ ಕಸಿದುಕೊಂಡು ಕಲ್ಲಿನ ಕೆಳಗೆ ಓಡುತ್ತದೆ. ಬಿಸಿಲಿಗೆ ನೀರು ಆರಿದರೆ ಉಪ್ಪು ಹೆಚ್ಚುತ್ತದೆ, ಆಗ ಹಿಂದಿನ ದಿನ ನಲ್ಲಿಯಲ್ಲಿ ಹಿಡಿದಿಟ್ಟ ಕಾವೇರಿ ನೀರು ಎರಡು ಲೋಟ ಸೇರಿಸಬೇಕು. ಎಷ್ಟು ಸೇರಿಸಬೇಕೆಂದು ಹೇಗೆ ಗೊತ್ತು ಎಂದು ರುದ್ರಮುನಿಯವರು ಹುಬ್ಬೇರಿಸಿದಾಗ ಆಕೆ ಟಬ್ಬಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು ತೋರಿಸಿದಳು. ಅವರು ಕಣ್ಣು ಮುಚ್ಚಿಕೊಂಡರು. ಥೂ, ಅದು ಏಡಿ ಹೇಲು ಮಾಡಿದ ನೀರು!

ಎರಡನೇ ವಾರದ ಸುಮಾರಿಗೆ ಆಕೆ ಇನ್ನೊಂದು ಕತೆ ತೆಗೆದಳು. ಏಡಿ ಇಡೀ ದಿನ ಓಡಾಡುವುದಿಲ್ಲವಂತೆ. ಅದಕ್ಕೊಂದು ಹೊತ್ತಿದೆಯಂತೆ. ಬಂದ ಮೂರನೇ ದಿನ ಹಾಲಿನವನು ಬಂದ ಹೊತ್ತಿಗೆ ಕಲ್ಲಿನ ಕೆಳಗಿಂದ ಹೊರಟಿತು. ಮಾರನೆಯ ದಿನ ಹೂವಿನವಳು ಕೂಗುವ ಹೊತ್ತಿಗೆ. ಅದರ ಮಾರನೆಯ ದಿನ ಸ್ಕೂಲ್ ವ್ಯಾನ್ ಬಂದಾಗ. ದಿನಾ ಮುಕ್ಕಾಲು ಗಂಟೆ, ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಸಂಜೆಗೂ ಹಾಗೇ ಇನ್ನೊಂದು ಸಲ. ಅದಕ್ಕೇ ನಾನೂ ಅದರ ಹೊತ್ತಿಗೆ ನೀರು ಏರಿಸಿ, ಆಮೇಲೆ ಇಳಿಸ್ತೀನಿ ಸಾರ್, ಎಂದಳು.

ರುದ್ರಮುನಿಯವರು ನಕ್ಕ ನಗು ಪಕ್ಕದ ಮನೆಗೂ ಕೇಳಿತು. ಏಡಿಗೆ ವಾಚ್ ಕಟ್ಟಿದ್ದೀರಾ ಅಮ್ಮ, ಎಂದರು. ಗಾಡಿ ತೊಳೆಯುತ್ತಿದ್ದ ಮೋಹನ್ ಕುಮಾರನೂ ನಕ್ಕ. ಚಿಕ್ಕಗಂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ಅಂದು ಮಧ್ಯಾಹ್ನ ಯಾಕೋ ತಡೆಯಲಾರದೆ ಅವರು ಹಳೆಯ ದಪ್ಪ ಪುಸ್ತಕವೊಂದನ್ನು ತೆಗೆದು ನೋಡಿದರು. ಅದರಲ್ಲಿ ಬರೆದಿತ್ತು: ದಡದ ಏಡಿಗಳನ್ನು ಕಡಲಿನಿಂದ ದೂರ ತಂದು ತೊಟ್ಟಿಯಲ್ಲಿಟ್ಟರೂ ಅವು ಕೆಲವು ದಿನ ತಮ್ಮ ದಡದ ಉಬ್ಬರವಿಳಿತದ ಹೊತ್ತಿಗೇ ಎದ್ದು ಓಡಾಡುತ್ತವೆ, ಉಬ್ಬರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುವುದರಿಂದ ಅವೂ ಅಷ್ಟೇ ತಡವಾಗುತ್ತವೆ. ಈ ಪುಟದ ಅಂಚಿನಲ್ಲಿ ಅವರದೇ ಕೈಬರಹದಲ್ಲಿ ಮುಖ್ಯ ಎಂದು ಬರೆದು ಎರಡು ಗೆರೆ ಎಳೆದಿತ್ತು. ರುದ್ರಮುನಿಯವರು ಅದನ್ನು ಅಧ್ಯಾಯಕ್ಕೆ ಸೇರಿಸಿದರು. ವಿಜ್ಞಾನಿಗಳು ಕಂಡುಕೊಂಡಿದ್ದಾರೆ ಎಂದು ಬರೆದರು. ಕೆಳಗೆ ಹೋಗಿ ಹೇಳಲಿಲ್ಲ. ಹೇಳಿದರೆ ಆಕೆಗೆ ಜಂಬ ಬರುತ್ತದೆ, ಅದು ಆಕೆಗೇ ಒಳ್ಳೆಯದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮನುಷ್ಯ ಸಣ್ಣವನಾಗಲು ಎಷ್ಟು ದೊಡ್ಡ ಕಾರಣ ಬೇಕಾದರೂ ಹುಡುಕಿಕೊಳ್ಳುತ್ತಾನೆ.

ಒಂದು ವಾರ ಬದುಕಿದರೆ ಹೆಚ್ಚು ಎಂದದ್ದು ಹದಿನೈದು ದಿನ ದಾಟಿತು. ಅವರಿಗೆ ಒಳಗೊಳಗೇ ಕಿರಿಕಿರಿ. ಅಷ್ಟರಲ್ಲಿ ಏಡಿ ತಿನ್ನುವುದು ಬಿಟ್ಟಿತು. ಸೀಗಡಿ ಹಾಕಿದರೆ ಹಾಗೇ ಬಿದ್ದಿರುತ್ತಿತ್ತು. ಬಣ್ಣ ಮಂಕಾಯಿತು, ಮೂರು ದಿನ ಕಲ್ಲಿನ ಕೆಳಗಿಂದ ಆಚೆ ಬರಲಿಲ್ಲ. ಶನಿವಾರಕ್ಕೆ ಇನ್ನು ನಾಲ್ಕೇ ದಿನ. ಚಿಕ್ಕಗಂಗಮ್ಮ ದೇವರಿಗೆ ಹರಸಿಕೊಂಡಳು, ಟಬ್ಬಿನ ಮೇಲೆ ಒದ್ದೆ ಗೋಣಿ ಹಾಸಿ ನೆರಳು ಮಾಡಿದಳು, ಮಧ್ಯಾಹ್ನದ ನಿದ್ದೆ ಬಿಟ್ಟು ಪಕ್ಕದಲ್ಲೇ ಕೂತಳು. ರುದ್ರಮುನಿಯವರು ದಿನಕ್ಕೆ ಮೂರು ಸಲದ ಬದಲು ಐದು ಸಲ ಇಳಿದರು. ನಾನು ಮೊದಲೇ ಹೇಳಿದ್ದೆ ಎಂಬ ಮಾತು ಅವರ ನಾಲಿಗೆಯ ತುದಿಗೆ ಬಂದು ಕಾಯುತ್ತಿತ್ತು.

ಗುರುವಾರ ಬೆಳಿಗ್ಗೆ ಚಿಕ್ಕಗಂಗಮ್ಮ ಗೋಣಿ ಎತ್ತಿದಾಗ ಏಡಿ ನೀರಿನ ಅಂಚಿನಲ್ಲಿ ಬಿದ್ದಿತ್ತು. ಕಾಲು ಮಡಚಿಕೊಂಡು, ಅಲುಗಾಡದೆ. ಸಾರ್ ಎಂದು ಕೂಗಿದಳು. ರುದ್ರಮುನಿಯವರು ಬಾಯಲ್ಲಿ ಬ್ರಷ್ ಇದ್ದಂತೆಯೇ ಮೆಟ್ಟಿಲಿಗೆ ಬಂದು, ನಾಲ್ಕು ಮೆಟ್ಟಿಲು ಮೇಲಿಂದಲೇ ನೋಡಿ, ಉಗುಳಿ ಬಂದರು.

"ಸತ್ತಿದೆ," ಎಂದರು. "ನಾನು ಮೊದಲೇ ಹೇಳಿದ್ದೆ."

ಚಿಕ್ಕಗಂಗಮ್ಮ ಅಳಲಿಲ್ಲ. ಬಗ್ಗಿ ನೋಡಿ, ಅನುಮಾನದಿಂದ ಕೇಳಿದಳು: "ಪೊರೆ ಬಿಟ್ಟಿರ್ಬೋದಾ ಸಾರ್? ಗದ್ದೆ ಏಡಿ ಬಿಡ್ತಿದ್ವು. ಬಿಟ್ಟು ಮೆತ್ತಗಾಗಿ ಎಲ್ಲಾದ್ರೂ ಬಚ್ಚಿಟ್ಕೊಳ್ತಿದ್ವು."

ಹೇಳುತ್ತ ಕೈ ಚಾಚಿ ಎತ್ತಿಕೊಳ್ಳಲು ಹೋದಳು. ಮುಟ್ಟಬೇಡಿ ಎಂದು ಅವರು ಗದರಿದರು. ಇದು ಇನ್ನು ಮಾದರಿ, ಪುಸ್ತಕಕ್ಕೆ ಫೋಟೋ ಬೇಕು, ಒರಟು ಕೈ ತಗುಲಿದರೆ ಕಾಲು ಮುರಿಯುತ್ತದೆ. ಪೊರೆ ಬಿಡುವುದಕ್ಕೂ ಸಾಯುವುದಕ್ಕೂ ವ್ಯತ್ಯಾಸ ತಿಳಿಯದಷ್ಟು ಮೂರ್ಖನಲ್ಲ ನಾನು, ಮೂವತ್ತೈದು ವರ್ಷ ಇದನ್ನೇ ಹೇಳಿಕೊಟ್ಟವನು, ಎಂದರು. ಮೇಲಿಂದ ಚಿಮಟ ಮತ್ತು ಬಾಟಲಿ ತಂದರು. ಮೂವತ್ತೈದು ವರ್ಷದಲ್ಲಿ ಅವರು ಯಾವ ಪ್ರಾಣಿಯನ್ನೂ ಬರಿಗೈಯಲ್ಲಿ ಮುಟ್ಟಿದವರಲ್ಲ. ಮಡಿಯೂ ಇತ್ತು, ಹೇಸಿಗೆಯೂ ಇತ್ತು, ಎರಡಕ್ಕೂ ಸೇರಿ ವೈಜ್ಞಾನಿಕ ವಿಧಾನ ಎಂಬ ಹೆಸರಿತ್ತು. ಚಿಮಟದ ತುದಿಗೆ ಕಲ್ಲು ಸಿಕ್ಕರೂ ಒಂದೇ, ಹತ್ತಿ ಸಿಕ್ಕರೂ ಒಂದೇ. ಏಡಿಯನ್ನು ಬಾಟಲಿಗೆ ಹಾಕಿಕೊಂಡು, ಟಬ್ಬಿನ ನೀರು ಕೊಳೆತಿದೆ, ಮೋರಿಗೆ ಚೆಲ್ಲಿ ಕಲ್ಲುಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಿರಿ, ಇಲ್ಲದಿದ್ದರೆ ರೋಗ ಬರುತ್ತದೆ ಎಂದು ಅಪ್ಪಣೆ ಕೊಟ್ಟು ಮೇಲೆ ಹೋದರು. ಹೂಂ ಸಾರ್ ಎಂದಳು ಚಿಕ್ಕಗಂಗಮ್ಮ. ಓದಿದವರು ಹೇಳಿದ ಮೇಲೆ ಮುಗಿಯಿತಲ್ಲ.

ಮೇಲೆ ಅವರು ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಏಡಿಯನ್ನು ಅದರ ಮಧ್ಯೆ ಬಗ್ಗಿಸಿದರು. ಸೆಖೆ. ಫ್ಯಾನು ಹಾಕಿದರು. ಏಡಿ ಹಾಳೆಯ ಮೇಲಿಂದ ಜಾರಿ, ಮೇಜಿನ ಅಂಚು ದಾಟಿ, ಒಣ ಎಲೆಯ ಹಾಗೆ ನೆಲಕ್ಕೆ ಹಾರಿತು.

ಸತ್ತ ಏಡಿ ಫ್ಯಾನಿನ ಗಾಳಿಗೆ ಹಾರುವುದಿಲ್ಲ. ಇದಕ್ಕೆ ಡಿಗ್ರಿ ಬೇಡ.

ಭೂತಗನ್ನಡಿ ಹಿಡಿದು ಬಗ್ಗಿದರು. ಬೆನ್ನಿನ ಹಿಂಬದಿಯಲ್ಲಿ ಸಣ್ಣ ಸೀಳು, ಅಚ್ಚುಕಟ್ಟಾಗಿ ಬಾಯಿ ತೆರೆದಿತ್ತು. ಒಳಗೆ ಏನೂ ಇಲ್ಲ. ಕಾಲುಗಳು ಟೊಳ್ಳು, ಕೊಂಡಿಗಳು ಟೊಳ್ಳು, ಕಣ್ಣಿನ ಮೇಲಿನ ಪದರವೂ ಪಾರದರ್ಶಕವಾಗಿ ಖಾಲಿ. ಏಡಿ ಹಳೆಯ ಚಿಪ್ಪಿನಿಂದ ಹಿಂದುಹಿಂದಕ್ಕೆ ಸರಿದು ಹೊರಬರುತ್ತದೆ. ಅದಕ್ಕೆ ಮುಂಚೆ ಕೆಲವು ದಿನ ಆಹಾರ ಬಿಡುತ್ತದೆ. ಹೊರಬಂದಾಗ ಮೈ ಮೆತ್ತಗಿದ್ದು, ನೀರು ಕುಡಿದು ಉಬ್ಬಿ, ಹೊಸ ಚಿಪ್ಪು ಗಟ್ಟಿಯಾಗುವ ತನಕ ಕಲ್ಲಿನ ಕೆಳಗೆ ಅಡಗುತ್ತದೆ. ಪ್ರತಿ ವರ್ಷ ಇದೇ ವಾಕ್ಯ, ಇದೇ ಧಾಟಿ, ಅಲ್ಪವಿರಾಮದ ಸಮೇತ ಬರೆಸುತ್ತಿದ್ದರು. ಪುಸ್ತಕದ ಬದನೆಕಾಯಿ ಎಂದರೆ ಇದೇ, ಸಾರಿಗೆ ಬರುವುದಿಲ್ಲ.

ಏಡಿ ಕೆಳಗೆ, ಟಬ್ಬಿನಲ್ಲಿ, ಯಾವುದೋ ಕಲ್ಲಿನ ಅಡಿಯಲ್ಲಿ ಜೀವಂತವಾಗಿತ್ತು.

ಅವರು ಓಡಿದರು. ಇದನ್ನು ಒಪ್ಪಿಕೊಳ್ಳಲೇಬೇಕು, ಮೊದಲು ಓಡಿಯೇ ಹೋದರು. ಅರ್ಧ ಮೆಟ್ಟಿಲಿಗೆ ಬಂದಾಗ ಅಂಗಳ ಕಾಣಿಸಿತು. ಚಿಕ್ಕಗಂಗಮ್ಮ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಇನ್ನೂ ಏನೂ ಮಾಡಿರಲಿಲ್ಲ. ಬ್ಲೀಚಿಂಗ್ ಪೌಡರಿನ ಪೊಟ್ಟಣ ಪಕ್ಕದಲ್ಲಿತ್ತು. ಮೋಹನ್ ಕುಮಾರ್ ಗಾಡಿಗೆ ಒರಗಿ ತಾಯಿಗೆ ಏನೋ ಸಮಾಧಾನ ಹೇಳುತ್ತಿದ್ದ. ಚೆಲ್ಲಬೇಡಿ ಎಂದು ಒಂದು ಕೂಗು ಹಾಕಿದ್ದರೆ ಸಾಕಿತ್ತು. ಎರಡು ಪದವೂ ಅಲ್ಲ, ಒಂದೇ ಪದ.

ಆದರೆ ಆ ಒಂದು ಪದದ ಹಿಂದೆ ಇನ್ನೊಂದು ಮಾತು ಬರಬೇಕಾಗಿತ್ತು. ನೀವು ಹೇಳಿದ್ದೇ ಸರಿ ಎನ್ನಬೇಕಾಗಿತ್ತು. ಮೂರನೇ ಕ್ಲಾಸಿನವಳಿಗೆ, ಟಬ್ಬಿನ ನೀರು ನೆಕ್ಕುವವಳಿಗೆ, ಅದೂ ಆ ಮೋಹನ್ ಕುಮಾರನ ಎದುರಿಗೆ. ಮೂರ್ಖನಲ್ಲ ನಾನು ಎಂದು ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ. ರುದ್ರಮುನಿಯವರು ಮೆಟ್ಟಿಲ ಮೇಲೆ ನಿಂತುಬಿಟ್ಟರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು. ಒಂದು ಸಾಧ್ಯತೆ ಏನೆಂದರೆ, ಎಂದು ಶುರು ಮಾಡಿದರೆ? ಅಪರೂಪದ ಪ್ರಕರಣಗಳಲ್ಲಿ, ಎಂದರೆ? ಅವರು ಮನಸ್ಸಿನಲ್ಲೇ ವಾಕ್ಯ ಕಟ್ಟಿ ನೋಡಿದರು, ಯಾವುದೂ ಸರಿ ಕೂರಲಿಲ್ಲ. ಕೈಯಲ್ಲಿ ಪುಸ್ತಕ ಇದ್ದರೆ ಒಳ್ಳೆಯದು ಅನಿಸಿತು. ಇಂಥ ಜಾತಿಯಲ್ಲಿ ನೋಡಿದವರಿಗೆ ಭ್ರಮೆಯಾಗುವುದುಂಟು ಎಂದು ಪುಸ್ತಕವೇ ಹೇಳಿದಂತೆ ತೋರಿಸಿಬಿಡಬಹುದು.

ತಿರುಗಿ ಮೇಲೆ ಹೋದರು. ಪುಸ್ತಕ ಸಿಕ್ಕಿತು, ಪುಟ ಸಿಗಲಿಲ್ಲ. ಕನ್ನಡಕ ಎಲ್ಲಿ ಎಂದು ಕಲ್ಯಾಣಮ್ಮನವರ ಮೇಲೆ ರೇಗಿದರು. ಪುಟ ಸಿಕ್ಕಿತು, ಗುರುತಿಗೆ ಕಡ್ಡಿ ಇಟ್ಟರು. ಎಲ್ಲ ಸೇರಿ ಐದು ನಿಮಿಷ ಇರಬಹುದು.

ಇಳಿದಾಗ ಟಬ್ಬು ಬೋರಲು ಬಿದ್ದಿತ್ತು. ನೀರು ಮೋರಿಯಲ್ಲಿ ಹೋಗಿಯಾಗಿತ್ತು. ನಾಲ್ಕು ಕಲ್ಲುಗಳ ಮೇಲೂ, ಅವುಗಳ ತಗ್ಗುಗಳೊಳಗೂ ಪೌಡರು ಬೆಳ್ಳಗೆ ಸುರಿದು, ಚಿಕ್ಕಗಂಗಮ್ಮ ತೆಂಗಿನ ನಾರಿನಲ್ಲಿ ಗಸಗಸ ಉಜ್ಜುತ್ತಿದ್ದಳು. ಕಣ್ಣಲ್ಲಿ ನೀರಿತ್ತು, ಪೌಡರಿನ ಘಾಟಿಗೋ ಏನೋ. ತಲೆಯೆತ್ತಿ, ಏನ್ ಸಾರ್, ಎಂದಳು. ಏನಿಲ್ಲ ಎಂದು ಅವರು ಪುಸ್ತಕ ಕಂಕುಳಿಗೆ ಇಟ್ಟುಕೊಂಡು ಮೇಲೆ ಹತ್ತಿದರು.

ಶುಕ್ರವಾರ ಅವರು ಅಧ್ಯಾಯ ಮುಗಿಸಿದರು. ಪೊರೆ ಬಿಡುವ ಭಾಗ ಬಹಳ ಚೆನ್ನಾಗಿ ಬಂತು. ಸೀಳಿನ ವರ್ಣನೆ, ಕಣ್ಣಿನ ಪದರದ ವರ್ಣನೆ, ಎಲ್ಲ ಕಣ್ಣಾರೆ ಕಂಡವರು ಬರೆದ ಹಾಗಿತ್ತು. ಓದುವವರು ಹೊಗಳುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಅಂದು ಸರಿಯಾಗಿ ಊಟ ಸೇರಲಿಲ್ಲ, ಅದಕ್ಕೆ ಉಪ್ಪು ಜಾಸ್ತಿ ಎಂದು ಹೆಂಡತಿಯನ್ನು ಬೈದರು.

ಶನಿವಾರ ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ಬಾಗಿಲು ಬಡಿದ ಸದ್ದಾಯಿತು. ರುದ್ರಮುನಿಯವರು ಕಾಫಿ ಲೋಟ ಹಿಡಿದೇ ಬಾಗಿಲು ತೆಗೆದರು. ಚಿಕ್ಕಗಂಗಮ್ಮ ಒಗೆದ ಸೀರೆಯುಟ್ಟು ನಿಂತಿದ್ದಳು. ಫೋಟೋ ಆಗಿದ್ದರೆ ಆ ಏಡೀನ ಕೊಡಿ ಸಾರ್, ಜೀವ ಇಲ್ದಿದ್ರೂ ಅದರ ಜಾಗಕ್ಕೆ ಬಿಟ್ಟು ಬರ್ತೀನಿ, ಸೀಟು ಹೇಗೂ ಇದೆ, ಎಂದಳು. ಫಾರ್ಮಲಿನ್‌ಗೆ ಹಾಕಿಯಾಗಿದೆ, ಈಗ ತೆಗೆಯಲು ಬರುವುದಿಲ್ಲ, ವಿಷ ಎಂದು ಅವರು ಶುರು ಮಾಡಿದರು. ಅಷ್ಟರಲ್ಲಿ ಕಲ್ಯಾಣಮ್ಮನವರು ಒಳಗಿಂದ, ಅಯ್ಯೋ ಇಲ್ಲೇ ಇದೆಯಲ್ಲ, ಎಂದು ಮೇಜಿನ ಮೇಲಿದ್ದ ಬಾಟಲಿ ತಂದು ಆಕೆಯ ಕೈಗೇ ಕೊಟ್ಟುಬಿಟ್ಟರು.

ಚಿಕ್ಕಗಂಗಮ್ಮ ಬಾಟಲಿಯನ್ನು ಅಂಗೈಗೆ ಬಗ್ಗಿಸಿದಳು. ಸಾವಿರ ಏಡಿ ಬಿಡಿಸಿದ ಕೈ ಅದು. ಅಂಗೈ ಒಂದು ಸಲ ಮೇಲೆ ಕೆಳಗೆ ಆಡಿತು, ತರಕಾರಿ ತೂಗಿ ನೋಡುವವರ ಹಾಗೆ. ಹೆಬ್ಬೆರಳಿನಿಂದ ಬೆನ್ನಿನ ಹಿಂದೆ ಒತ್ತಿದಳು. ಬೆನ್ನು ಡಬ್ಬಿಯ ಮುಚ್ಚಳದ ಹಾಗೆ ಎದ್ದಿತು.

"ಇದರೊಳಗೆ ಏಡಿ ಇಲ್ವಲ್ಲ ಸಾರ್," ಎಂದಳು.

ಆಕೆ ರುದ್ರಮುನಿಯವರ ಮುಖವನ್ನೇ ನೋಡುತ್ತಿದ್ದಳು. ಕೋಪವೇನೂ ಕಾಣಲಿಲ್ಲ, ಲೆಕ್ಕ ಹಾಕುತ್ತಿದ್ದವಳ ಹಾಗೆ ಹುಬ್ಬು ಗಂಟಿಕ್ಕಿತ್ತು. ಪುಸ್ತಕ ಹಿಡಿದು ಇಳಿದು ಬಂದು ಏನಿಲ್ಲ ಎಂದು ಹತ್ತಿದ್ದು ಆಕೆಗೆ ನೆನಪಾಯಿತು ಎಂದು ಅವರಿಗೆ ತಿಳಿಯಿತು.

"ನಿಮಗೆ ಗೊತ್ತಾಗಿದ್ದು ನಾನು ನೀರು ಚೆಲ್ಲೋಕೆ ಮುಂಚೇನಾ, ಆಮೇಲಾ?"

ಆಮೇಲೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆಕೆ ನಂಬುತ್ತಿದ್ದಳು, ಮೂರು ವಾರದಿಂದ ಅವರು ಹೇಳಿದ್ದಕ್ಕೆಲ್ಲ ಹೂಂ ಸಾರ್ ಎಂದವಳು. ಕಲ್ಯಾಣಮ್ಮನವರು ಬಾಗಿಲ ಸಂದಿನಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದರು. ಕನ್ನಡಕಕ್ಕಾಗಿ ಬೈಸಿಕೊಂಡದ್ದು ಯಾವ ಹೊತ್ತಿನಲ್ಲಿ ಎಂದು ಆಕೆಗೂ ಚೆನ್ನಾಗಿ ಗೊತ್ತಿತ್ತು.

"ಮುಂಚೆ," ಎಂದರು ರುದ್ರಮುನಿಯವರು.

ಕೆಳಗೆ ಮೋಹನ್ ಕುಮಾರ್ ಹಾರ್ನ್ ಹೊಡೆದ. ಚಿಕ್ಕಗಂಗಮ್ಮ ಚಿಪ್ಪನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು, ಖಾಲಿ ಬಾಟಲಿಯನ್ನು ಕಲ್ಯಾಣಮ್ಮನವರಿಗೆ ವಾಪಸು ಕೊಟ್ಟಳು. ಎರಡು ಮೆಟ್ಟಿಲು ಇಳಿದು ತಿರುಗಿ ಅವರನ್ನು ಕಾಲಿನಿಂದ ತಲೆಯ ತನಕ ಒಂದು ಸಲ ನೋಡಿದಳು. ಇನ್ನೊಬ್ಬರನ್ನು ಹಾಗೆ ನೋಡುವುದು ಹೇಗೆಂದು ಅವರಿಗೆ ಗೊತ್ತಿತ್ತು. ನೋಡಿಸಿಕೊಂಡದ್ದು ಇದೇ ಮೊದಲು.

"ಒಳಗೆ ಹೋಗಪ್ಪ," ಎಂದಳು. "ಕಾಫಿ ಆರೋಗ್ತದೆ."